ಕೀಪರ್ ಬೀಳುವ ಜಾಗ

ನಮ್ಮ ಕಡೆಯ ಗೋಲ್‌ಕೀಪರ್‌ಗಳು ಬೀಳುವುದಿಲ್ಲ. ಇದನ್ನು ಎದೆ ತಟ್ಟಿಕೊಂಡು ಹೇಳುತ್ತಿದ್ದ ಕಾಲವೊಂದಿತ್ತು. ಹಲಸೂರು, ಶಿವಾಜಿನಗರ, ಪುಲಿಕೇಶಿನಗರದ ಮೈದಾನಗಳಲ್ಲಿ ಆಡಿದವರಿಗೆ ನೆಲ ಎಂದರೆ ಏನೆಂದು ಗೊತ್ತು. ಕೆಮ್ಮಣ್ಣು, ಅದರೊಳಗೆ ಕಡಲೆಕಾಳಿನ ಗಾತ್ರದ ಜಲ್ಲಿ, ಬೇಸಿಗೆ ಬಂತೆಂದರೆ ರಸ್ತೆಯಷ್ಟು ಗಟ್ಟಿ. ಅಂಥ ನೆಲದ ಮೇಲೆ ಮೈ ಚೆಲ್ಲುವವನು ಒಂದೋ ಹೊಸಬ, ಇಲ್ಲವೇ ಹುಚ್ಚ. ನಾವು ಒದೆಯುವವನ ಸೊಂಟ ನೋಡಿ ಚೆಂಡು ಎಲ್ಲಿಗೆ ಬರುತ್ತದೆಂದು ಊಹಿಸಿ, ಎರಡು ಹೆಜ್ಜೆ ಮೊದಲೇ ಸರಿದು, ನಿಂತೇ ಹಿಡಿಯುತ್ತಿದ್ದೆವು. ಊಹೆ ತಪ್ಪಿದರೆ ಗೋಲು. ಯಾರೂ ಬೈಯುತ್ತಿರಲಿಲ್ಲ, ಬೈಯುವವರೂ ಅದೇ ನೆಲದ ಮೇಲೆ ನಡೆಯುವವರೇ.

ನಾನು ಒಂದೇ ಒಂದು ಸಲ ನಿಯಮ ಮೀರಿದೆ. ತೊಂಬತ್ತರ ದಶಕದ ಆರಂಭದಲ್ಲಿ ಒಂದು ಸೆಮಿಫೈನಲ್‌ನಲ್ಲಿ ಎಡಕ್ಕೆ ಹಾರಿ ಬಿದ್ದೆ. ಚೆಂಡನ್ನು ತಡೆದೆ, ಸೊಂಟದ ಕೀಲು ಹೋಯಿತು. ಸ್ಟ್ರೆಚರ್ ಇರಲಿಲ್ಲ. ಗೇಟಿನ ಹೊರಗಿದ್ದ ಟೀ ಅಂಗಡಿಯ ಬೆಂಚಿನ ಮೇಲೆ ಮಲಗಿಸಿ ನಾಲ್ಕು ಜನ ಹೊತ್ತುಕೊಂಡು ಹೋದರು. ಆಗ ನನಗೆ ಇಪ್ಪತ್ತೇಳು. ಆಮೇಲೆ ಆಡಲಿಲ್ಲ.

ಈಗ ಹೇಳಹೊರಟಿರುವುದು ಅದಾಗಿ ಸುಮಾರು ಹನ್ನೆರಡು ವರ್ಷದ ನಂತರದ ಮಾತು. ಕೆ.ಆರ್. ಪುರದ ತೂಗುಸೇತುವೆಯ ಮೇಲೆ ಆಗಷ್ಟೇ ವಾಹನಗಳು ಓಡತೊಡಗಿದ್ದವು. ಸೇತುವೆ ದಾಟಿದ ಮೇಲೆ ಒಂದು ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ನಮ್ಮ ಕ್ಲಬ್ಬಿನ ಅಭ್ಯಾಸ. ನನಗೆ ಅಲ್ಲಿ ಎರಡು ಕೆಲಸ: ಕೀಪರ್‌ಗಳಿಗೆ ತರಬೇತಿ, ಮತ್ತು ಮೈದಾನದ ಉಸ್ತುವಾರಿ. ಬೆಳಿಗ್ಗೆ ಗೆರೆ ಎಳೆಯುವವನೂ ನಾನೇ, ಆ ಗೆರೆಯೊಳಗೆ ಚೆಂಡು ಒದೆಯುವವನೂ ನಾನೇ. ಕೋಚ್ ನನ್ನ ಹಳೆಯ ಜೊತೆಗಾರ, ಹಲಸೂರಿನವನು. ಅಂದು ಬೆಂಚು ಹೊತ್ತ ನಾಲ್ವರಲ್ಲಿ ಒಬ್ಬ.

ಆ ವರ್ಷ ಕ್ಲಬ್ಬಿನವರು ಜಪಾನಿನಿಂದ ಒಬ್ಬ ಕೀಪರನ್ನು ಕರೆಸಿದರು. ಅಲ್ಲಿ ಹದಿನೈದು ವರ್ಷ ವೃತ್ತಿಪರವಾಗಿ ಆಡಿದವನು, ವಯಸ್ಸು ಮೂವತ್ತೈದು. ಎಡಸೊಂಟಕ್ಕೆ ಎರಡು ಸಲ ಪೆಟ್ಟಾಗಿತ್ತು. ಇನ್ನೊಂದು ಸೀಸನ್ ಆಡಬಹುದು, ಅಷ್ಟೇ, ಎಂದು ಅಲ್ಲಿನ ಡಾಕ್ಟರು ಹೇಳಿ ಕಳಿಸಿದ್ದರು. ಹುಡುಗರು ಅವನನ್ನು ‘ಜಪಾನ್’ ಎಂದೇ ಕರೆದರು. ಅವನಿಗೂ ಬೇಸರವಿರಲಿಲ್ಲ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದಾಗಿದ್ದರಿಂದ ನಾವಿಬ್ಬರೂ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದೆವು.

ಮೊದಲ ದಿನ ಬಂದವನೇ ಎರಡೂ ಗೋಲುಕಂಬಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಕಂಬದಿಂದ ಕಂಬಕ್ಕೆ ಹೆಜ್ಜೆ ಹಾಕಿ ಅಳೆದ. ಆಮೇಲೆ ನನ್ನತ್ತ ತಿರುಗಿ ಕೈಸನ್ನೆ ಮಾಡಿದ: ಎಡಕ್ಕೆ ನಲವತ್ತು, ಬಲಕ್ಕೆ ನಲವತ್ತು, ಎಲ್ಲವೂ ತಗ್ಗಿನ ಚೆಂಡು. ನಾನು ಒದೆದೆ. ಅವನು ಬಿದ್ದ. ಎಂಥ ಬೀಳುವಿಕೆ ಅದು! ಮೊದಲು ಚೆಂಡನ್ನೇ ನೆಲಕ್ಕೆ ಒತ್ತಿ ಆಧಾರ ಮಾಡಿಕೊಳ್ಳುವುದು, ಆಮೇಲೆ ಮೀನಖಂಡದ ಹೊರಬದಿ, ತೊಡೆ, ಸೊಂಟ, ಪಕ್ಕೆ, ಭುಜ, ಒಂದರ ಹಿಂದೆ ಒಂದು ನೆಲ ಮುಟ್ಟುವುದು. ನಾನು ಹನ್ನೆರಡು ವರ್ಷದ ಹಿಂದೆ ಮೂಟೆ ಎಸೆದ ಹಾಗೆ ಬಿದ್ದಿದ್ದೆ. ಬೀಳುವುದಕ್ಕೂ ಒಂದು ಕ್ರಮ ಇದೆಯೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಬೇಕಾದವರೂ ಬಿದ್ದವರಾಗಿರಲಿಲ್ಲ.

ಆದರೆ ನೆಲಕ್ಕೆ ಕ್ರಮ ಗೊತ್ತಿಲ್ಲವಲ್ಲ. ಮೂರನೆಯ ದಿನದ ಹೊತ್ತಿಗೆ ಅವನ ಎರಡೂ ತೊಡೆಯ ಚರ್ಮ ಸುಲಿದಿತ್ತು. ಐದನೆಯ ದಿನ ಎಡಸೊಂಟ ಊದಿಕೊಂಡಿತು. ಕೋಚ್ ಅವನನ್ನು ಪಕ್ಕಕ್ಕೆ ಕರೆದು, ಅಭ್ಯಾಸದಲ್ಲಿ ಬೀಳಬೇಡ, ಪಂದ್ಯಗಳು ನಗರದ ಸ್ಟೇಡಿಯಮ್ಮಿನಲ್ಲಿ, ಅಲ್ಲಿ ಹುಲ್ಲಿದೆ, ಅಲ್ಲಿ ಬಿದ್ದರಾಯಿತು ಎಂದ. ಜಪಾನ್ ಒಪ್ಪದೆ ತಲೆಯಾಡಿಸಿದ. ಅಭ್ಯಾಸದಲ್ಲಿ ಬೀಳದ ಮೈ ಪಂದ್ಯದಲ್ಲಿ ಹೆದರುತ್ತದೆ, ಹೆದರಿದ ಮೈ ಅರ್ಧ ಕ್ಷಣ ತಡವಾಗಿ ಹೊರಡುತ್ತದೆ, ತಡವಾಗಿ ಹೊರಟವನೇ ಮುರಿದುಕೊಳ್ಳುವುದು ಎಂದು ಹೇಳಿದ. ಅಷ್ಟು ಉದ್ದದ ಇಂಗ್ಲಿಷನ್ನು ಅವನು ಅಲ್ಲಿಯವರೆಗೆ ಮಾತಾಡಿರಲಿಲ್ಲ. ಅದು ನನ್ನ ಕಥೆಯೇ ಆಗಿತ್ತು.

ಲೀಗ್ ಶುರುವಾಗಲು ಎಂಟು ವಾರವಿತ್ತು. ಗೋಲಿನ ಮುಂದೆ ಹುಲ್ಲು ಬೆಳೆಸುತ್ತೇನೆ ಎಂದು ನಾನು ಕೋಚ್‌ಗೆ ಹೇಳಿದೆ.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!” ಎಂದು ಅವನು ನಕ್ಕ. “ಕಾಲು ತೊಳೆಯೋಕೆ ನೆಟ್ಟಗೆ ಒಂದು ನಲ್ಲಿ ಇಲ್ಲ ಇಲ್ಲಿ. ಲಾನ್ ಮಾಡ್ತಾನಂತೆ ಲಾನು.”

“ನಲ್ಲಿ ಇಲ್ದಿದ್ರೆ ಬಕೆಟ್‌ನಲ್ಲಿ ಹೊರ್ತೀನಿ ಮಗಾ. ನಿಂಗ್ಯಾಕೆ?”

“ಹೊರು ಹೊರು. ನಿನ್ನ ಸೊಂಟದ ಇನ್ನೊಂದು ಬದೀನೂ ಹೋಗ್ಲಿ, ಜೋಡಿ ಆಗತ್ತೆ.”

ಹಲಸೂರು ಕೆರೆಯ ಬದಿಯಿಂದ ಗರಿಕೆಯ ಬಳ್ಳಿ ತಂದು, ನೆಲ ಗೀರಿ ನೆಟ್ಟೆ. ಚಿಕ್ಕ ಪೆಟ್ಟಿಗೆ ಎನ್ನುತ್ತೇವಲ್ಲ, ಗೋಲಿನ ಮುಂದಿನ ಇಪ್ಪತ್ತು ಗಜ ಅಗಲ, ಆರು ಗಜ ಉದ್ದದ ಜಾಗ, ಅಷ್ಟೂ ನೆಟ್ಟೆ. ಬೋರ್‌ವೆಲ್ ನೀರು ಬೆಳಿಗ್ಗೆ ಅರ್ಧ ಗಂಟೆ ಬರುತ್ತಿತ್ತು. ಹತ್ತು ದಿನದಲ್ಲಿ ಮುಕ್ಕಾಲು ಒಣಗಿತು, ಉಳಿದ ಕಾಲು ಭಾಗವನ್ನು ಊರ ಹಸುಗಳು ಬಂದು ಮೇಯ್ದವು. ಕೋಚ್ ಬಂದು, ಬೋಳು ನೆಲ ನೋಡಿ ಹೋದ. ಬೈದಿದ್ದರೆ ವಾಸಿಯಿತ್ತು.

ಆಗ ಹೊಳೆದದ್ದು ಇದು: ಕೀಪರ್ ಇಡೀ ಪೆಟ್ಟಿಗೆಯ ತುಂಬ ಬೀಳುವುದಿಲ್ಲ. ಹಾಗಾದರೆ ಎಲ್ಲಿ ಬೀಳುತ್ತಾನೆ? ಇಷ್ಟು ವರ್ಷ ಗೋಲಿನಲ್ಲಿ ನಿಂತ ನನಗೇ ಉತ್ತರ ಗೊತ್ತಿರಲಿಲ್ಲ. ಮರುದಿನದಿಂದ ಅವನು ಬಿದ್ದು ಎದ್ದ ಕೂಡಲೇ, ಸೊಂಟ ಊರಿದ ಜಾಗದಲ್ಲಿ ನಾನು ಒಂದು ಚಿಟಿಕೆ ಸುಣ್ಣದ ಪುಡಿ ಉದುರಿಸತೊಡಗಿದೆ. ಅವನು ದಿನಕ್ಕೆ ಒಂದೊಂದು ಬದಿಗೆ ಹತ್ತು ಸಲ ಮಾತ್ರ ಬೀಳಲು ಒಪ್ಪಿದ್ದ. ಎರಡು ದಿನ ಕಳೆಯುವಷ್ಟರಲ್ಲಿ ನೆಲದ ಮೇಲೆ ಚಿತ್ರ ಮೂಡಿತು. ನಡುವೆ ಒಂದೂ ಚುಕ್ಕೆಯಿಲ್ಲ. ಗೆರೆಯ ಮೇಲೂ ಇಲ್ಲ. ಗೆರೆಗಿಂತ ಎರಡು ಹೆಜ್ಜೆ ಮುಂದೆ, ನಡುವಿನಿಂದ ಮೂರು ಹೆಜ್ಜೆ ಆಚೆ, ಎರಡೂ ಬದಿಗೆ ಒಂದೊಂದು ರೆಕ್ಕೆ ಬಿಚ್ಚಿದ ಹಾಗೆ. ನೂರಿಪ್ಪತ್ತು ಚದರ ಗಜದ ಕೆಲಸ ಐವತ್ತಕ್ಕೆ ಇಳಿಯಿತು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಆ ಮೆಚ್ಚುಗೆಯೇ ಕೆಡಿಸಿತು. ಮೂರನೆಯ ದಿನ ಸ್ಟೋರಿನ ಸುಣ್ಣ ಮುಗಿದಿತ್ತು. ಕಾರ್ಖಾನೆಯ ಕಾಂಪೌಂಡಿಗೆ ಬಳಿಯಲು ತಂದಿಟ್ಟ ಸುಣ್ಣದ ಡ್ರಮ್ಮಿನಿಂದ ಒಂದು ಡಬ್ಬ ತುಂಬಿಕೊಂಡು ಬಂದೆ. ಅದು ಸರಿಯಾಗಿ ಅರಳದ ಸುಣ್ಣ. ನೀರು ತಾಕಿದರೆ ಸುಡುತ್ತದೆಂದು ಮನೆಗೆ ಸುಣ್ಣ ಬಳಿದ ಯಾರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೆ ನನ್ನ ಕಣ್ಣೆಲ್ಲ ಚುಕ್ಕೆಗಳ ಮೇಲೆ. ಜಪಾನ್ ಬೆವರಿನಲ್ಲಿ ತೊಯ್ದಿದ್ದ, ಬಿದ್ದ ಜಾಗದಲ್ಲೇ ಮತ್ತೆ ಬೀಳುವುದು ಅವನ ಅಭ್ಯಾಸ, ತೊಡೆಯ ಚರ್ಮ ಮೊದಲೇ ಸುಲಿದಿತ್ತು. ಏಳನೆಯ ಸಲ ಬಿದ್ದವನು ಏಳಲಿಲ್ಲ. ಹಲ್ಲು ಕಚ್ಚಿ ಕೂತು, ತೊಡೆಯನ್ನು ನೋಡಿಕೊಂಡು, ಆಮೇಲೆ ನನ್ನ ಕೈಯಲ್ಲಿದ್ದ ಡಬ್ಬ ನೋಡಿದ. ಬೈಯಲಿಲ್ಲ. ನಾನು ಬಕೆಟ್ ಮೇಲೆ ಬಕೆಟ್ ನೀರು ತಂದು ಸುರಿದೆ.

ಡಾಕ್ಟರು ಸುಟ್ಟ ಗಾಯ ಎಂದರು, ಎರಡು ವಾರ ನೆಲ ಮುಟ್ಟಬಾರದು ಎಂದರು. ಕೋಚ್ ಎಲ್ಲರ ಮುಂದೆ ಕೂಗಾಡಿದ.

“ಎರಡ್ ಕಾಲಲ್ಲಿ ನಡ್ಕೊಂಡು ಬಂದಿದ್ನಲ್ಲೋ! ನೆಲ ಸುಲಿದಿದ್ದು ಸಾಲ್ಲಿಲ್ಲ ಅಂತ ಸುಣ್ಣದಲ್ಲಿ ಬೇಯಿಸ್ಬಿಟ್ಟೆಯಲ್ಲ! ಎರಡನೇ ಕೀಪರ್‌ಗೆ ರೆಡಿಯಾಗು ಅಂತ ಹೇಳ್ಬಿಡು. ಇವನನ್ನ ಕಳಿಸ್ಬಿಡೋಣ.”

ಮಾಡಿದ್ದುಣ್ಣೋ ಮಹಾರಾಯ.

ಜಪಾನ್ ಇಂದಿರಾನಗರದಲ್ಲಿ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಮಾರನೆಯ ದಿನ ಕ್ಷಮೆ ಕೇಳಲು ಹೋದರೆ ಮಂಚದ ಮೇಲೆ ಸೂಟ್‌ಕೇಸ್ ತೆರೆದಿತ್ತು. ಗ್ಲೌಸುಗಳನ್ನು ತೊಳೆದು ಒಣಗಿಸಿ, ಜೋಡಿ ಜೋಡಿ ಮಾಡಿ ಇಟ್ಟಿದ್ದ. ನಾನು ಬಾಯಿ ತೆರೆಯುವ ಮೊದಲು ಅವನೇ ಶುರು ಮಾಡಿದ. ಎರಡು ಸಲ ನನ್ನನ್ನು ಮೈದಾನದಿಂದ ಹೊತ್ತುಕೊಂಡು ಹೋದರು, ಎಂದ. ಕೊನೆಯ ಸಲ ನಾನೇ ನಡೆದುಕೊಂಡು ಹೊರಗೆ ಹೋಗಬೇಕು, ಅದಕ್ಕೇ ಇಷ್ಟು ದೂರ ಬಂದೆ. ನಿಮ್ಮ ನೆಲದ ಮೇಲೆ ಅದಾಗುವುದಿಲ್ಲ ಎಂದ.

ನಾನು ಪ್ಯಾಂಟು ಸ್ವಲ್ಪ ಕೆಳಗೆ ಸರಿಸಿ ನನ್ನ ಎಡಸೊಂಟದ ಗಾಯದ ಗೆರೆ ತೋರಿಸಿದೆ. ಟೀ ಅಂಗಡಿಯ ಬೆಂಚಿನ ಕಥೆ ಹೇಳಿದೆ. ಅವನು ಬಾಗಿ, ನನ್ನ ಗಾಯವನ್ನು ಎಕ್ಸ್‌ರೇ ನೋಡುವಷ್ಟು ಗಮನವಿಟ್ಟು ನೋಡಿದ. “ಸೇಮ್ ಸೈಡ್,” ಎಂದ.

ಕಣ್ಣಲ್ಲಿ ನೀರು ಬರುವ ಹಾಗಾಗಿ ನಾನು ಎದ್ದು ಬಾಲ್ಕನಿಗೆ ಹೋದೆ. ಕೆಳಗೆ ಪಕ್ಕದ ಮನೆಯ ಅಂಗಳ. ಬಂಗಲೆಯ ಕಿಟಕಿಗಳನ್ನು ಆಗಲೇ ಕಿತ್ತಿದ್ದರು, ಗೇಟಿನ ಬಳಿ ಜಲ್ಲಿ, ಮರಳು, ಸಿಮೆಂಟ್ ಮೂಟೆ. ಅವುಗಳ ನಡುವೆ ಹುಲ್ಲು. ನಾನು ಹುಲ್ಲು ನೋಡಿದ್ದೇನೆ, ಅಂಥ ಹುಲ್ಲು ನೋಡಿರಲಿಲ್ಲ. ಒತ್ತಾಗಿ, ಒಂದೇ ಎತ್ತರಕ್ಕೆ, ಕಳೆಯ ಒಂದು ಎಲೆಯೂ ಇಲ್ಲದ ಹುಲ್ಲು. ಕಣ್ಣಳತೆಯಲ್ಲೇ ಲೆಕ್ಕ ಹಾಕಿದೆ. ಎರಡು ರೆಕ್ಕೆಗೆ ಸಾಕು.

ಇಳಿದು ಹೋಗಿ ಕಾಂಪೌಂಡಿನ ಮೇಲೆ ಇಣುಕಿದೆ. ಒಳಗೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಪೈಪ್ ಹಿಡಿದು ನೀರು ಹಾಕುತ್ತಿದ್ದರು.

“ಏನ್ರೀ, ಹಾಗೆ ಇಣುಕ್ತಾ ಇದ್ದೀರಾ? ಯಾರು ಬೇಕಾಗಿತ್ತು?”

“ನಿಮ್ಮ ಹುಲ್ಲು ಬೇಕಾಗಿತ್ತಮ್ಮ.”

“ಹುಲ್ಲಾ? ಹಸು ಸಾಕಿದ್ದೀರಾ?”

“ಇಲ್ಲಮ್ಮ. ಗೋಲ್‌ಕೀಪರ್ ಸಾಕಿದ್ದೀವಿ.”

ಅವರು ಪೈಪ್ ಕೆಳಗಿಟ್ಟು ಗೇಟು ತೆಗೆದರು. ಮನೆ ಮಾರಿಯಾಗಿತ್ತು, ಅಲ್ಲಿ ಆಫೀಸು ಬರುವುದಿತ್ತು. ಸೋಮವಾರ ಹುಲ್ಲಿನ ಮೇಲೆ ಕಾರು ನಿಲ್ಲಿಸಲು ಕಾಂಕ್ರೀಟ್ ಹಾಕುತ್ತಾರೆ. ಅವರು ದೊಮ್ಮಲೂರಿನಲ್ಲಿ ಮಗಳ ಫ್ಲ್ಯಾಟಿನ ಕೆಳಗೇ ಇನ್ನೊಂದು ಫ್ಲ್ಯಾಟು ಕೊಂಡು, ಸಾಮಾನೆಲ್ಲ ಸಾಗಿಸಿ, ಈಗ ದಿನಾ ಸಂಜೆ ಬಂದು ಹುಲ್ಲಿಗೆ ನೀರು ಹಾಕಿ ಹೋಗುತ್ತಿದ್ದರು. “ಸೋಮವಾರದ ತನಕ ಅದಕ್ಕೂ ಬಾಯಾರಿಕೆ ಆಗತ್ತಲ್ರೀ,” ಎಂದರು. ನಾನು ಎಲ್ಲವನ್ನೂ ಹೇಳಿದೆ, ಸುಣ್ಣದ ವಿಷಯವನ್ನೂ ಬಿಡಲಿಲ್ಲ.

“ಇಪ್ಪತ್ತೈದು ವರ್ಷದಿಂದ ಇದರ ಮೇಲೆ ಚಪ್ಪಲಿ ಹಾಕ್ಕೊಂಡು ಯಾರನ್ನೂ ಬಿಟ್ಟಿಲ್ಲ ನಾನು. ನಮ್ಮ ಯಜಮಾನ್ರನ್ನೂ ಬಿಡ್ತಿರ್ಲಿಲ್ಲ. ನಿಮ್ಮ ಕೀಪರ್ ಏನು, ಬೂಟ್ ಹಾಕ್ಕೋತಾರಾ?”

“ಬೂಟಿಗೆ ಕೆಳಗಡೆ ಮೊಳೆ ಥರ ಇರತ್ತಮ್ಮ. ಹಾಕ್ಕೊಂಡು ಓಡಿ ಬಂದು ದಬಕ್ ಅಂತ ಬೀಳ್ತಾನೆ. ದಿನಕ್ಕೆ ಎಂಬತ್ತು ಸಲ.”

ಅವರು ಜೋರಾಗಿ ನಕ್ಕರು. “ಕಾರ್ ನಿಲ್ಸೋದಕ್ಕಿಂತ ಅದೇ ವಾಸಿ. ತಗೊಂಡು ಹೋಗಿ. ಆದ್ರೆ ಒಂದ್ಸಲ ನಾನು ಬಂದು ನೋಡ್ತೀನಿ, ಹೇಗಿಟ್ಕೊಂಡಿದ್ದೀರಾ ಅಂತ.”

ಮತ್ತೆ ಮಹಡಿ ಹತ್ತಿ ಹೋಗಿ ಜಪಾನ್‌ನನ್ನು ಬಾಲ್ಕನಿಗೆ ಕರೆದೆ, ಹುಲ್ಲು ತೋರಿಸಿ ಮೂರು ವಾರ ಕೊಡು ಎಂದೆ. ಅವನು ಬಹಳ ಹೊತ್ತು ಕೆಳಗೆ ನೋಡಿದ. ಆಮೇಲೆ ಸೂಟ್‌ಕೇಸನ್ನು ಮುಚ್ಚಿ ಮಂಚದ ಅಡಿಗೆ ತಳ್ಳಿದ.

ಕೋಚ್‌ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದ, ಎನ್ನಲು ಅವನಿಗೆ ಕಾರಣವೂ ಇತ್ತು. ಈ ಸಲವೂ ಕೆಟ್ಟರೆ ಕ್ಲಬ್ಬಿನ ಬಾಗಿಲಿಗೆ ಮತ್ತೆ ಬರುವುದಿಲ್ಲ ಎಂದು ತೀರ್ಮಾನಿಸಿಕೊಂಡೇ ಕೆಲಸ ಹಿಡಿದೆ.

ಶುಕ್ರವಾರ ಮತ್ತು ಶನಿವಾರ ಗೋಲಿನ ಮುಂದೆ ಎರಡು ರೆಕ್ಕೆಯ ಆಕಾರದಲ್ಲಿ ಪಿಕಾಸಿಯಿಂದ ಮುಕ್ಕಾಲು ಅಡಿ ಅಗೆದೆ. ಸುಣ್ಣ ಬಿದ್ದ ಮಣ್ಣನ್ನೆಲ್ಲ ತೆಗೆದು ಎಸೆದೆ. ಕೆಳಗೆ ಜಲ್ಲಿ, ಅದರ ಮೇಲೆ ಮರಳು, ಅದರ ಮೇಲೆ ಜರಡಿ ಹಿಡಿದ ಕೆಮ್ಮಣ್ಣು ಮತ್ತು ಹಳೆಯ ಕೊಟ್ಟಿಗೆ ಗೊಬ್ಬರ. ನಡುವೆ, ಕೀಪರ್ ಕಾಲೂರಿ ನಿಲ್ಲುವ ಜಾಗವನ್ನು ಹಾಗೇ ಬಿಟ್ಟೆ. ಅಲ್ಲಿ ಗಟ್ಟಿ ನೆಲವೇ ಇರಬೇಕು, ಇಲ್ಲದಿದ್ದರೆ ಚಿಮ್ಮಲು ಆಗುವುದಿಲ್ಲ.

ಭಾನುವಾರ ಬೆಳಿಗ್ಗೆ ಇಂದಿರಾನಗರ. ಹಿಂದಿನ ಸಂಜೆ ಆ ಅಮ್ಮ ಹುಲ್ಲಿಗೆ ಚೆನ್ನಾಗಿ ನೀರುಣಿಸಿದ್ದರು. ಒಂದು ಅಡಿ ಅಗಲ, ಮೂರು ಅಡಿ ಉದ್ದದ ಪಟ್ಟಿಗಳಾಗಿ ಹಗ್ಗ ಕಟ್ಟಿ ಕೊಯ್ದು, ಅಡಿಗೆ ಸಲಿಕೆ ತೂರಿಸಿ ಎರಡು ಇಂಚು ಮಣ್ಣಿನ ಸಮೇತ ಎಬ್ಬಿಸಿ, ಚಾಪೆಯ ಹಾಗೆ ಸುತ್ತಿದೆ. ಎರಡು ಇಂಚಿಗಿಂತ ತೆಳುವಾದರೆ ಬೇರು ಹರಿಯುತ್ತದೆ, ದಪ್ಪವಾದರೆ ಸುತ್ತಲು ಬರುವುದಿಲ್ಲ. ಜಪಾನ್ ತೊಡೆಗೆ ಬ್ಯಾಂಡೇಜು ಕಟ್ಟಿಕೊಂಡೇ ಇಳಿದು ಬಂದ. ಬೇಡವೆಂದರೂ ಕೇಳದೆ ಸುರುಳಿಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಗೇಟಿಗೆ ಹೊತ್ತ.

ಸಾಗಿಸಲು ಶಿವಾಜಿನಗರದಿಂದ ಒಬ್ಬ ಗೆಳೆಯ ಟೆಂಪೊ ತಂದಿದ್ದ. ಹಳೆಯ ಫರ್ನಿಚರ್ ಸಾಗಿಸುವವನು, ಒಂದು ಕಾಲಕ್ಕೆ ನನ್ನ ಎದುರು ಸೆಂಟರ್ ಫಾರ್ವರ್ಡ್.

“ಕ್ಯಾ ಗುರು, ಬೀರು ಶಿಫ್ಟಿಂಗ್ ಮಾಡಿದೀನಿ, ಸೋಫಾ ಶಿಫ್ಟಿಂಗ್ ಮಾಡಿದೀನಿ. ಲಾನ್ ಶಿಫ್ಟಿಂಗ್ ಇದೇ ಫಸ್ಟು.”

“ನಿಧಾನಕ್ಕೆ ಓಡ್ಸು. ಹಂಪ್ ಬಂದ್ರೆ ಇಳಿದು ಕೇಳ್ಕೊಂಡು ಹೋಗು.”

“ಆಜ್ ತಕ್ ನಿನ್ಗೆ ಹೊಡೆದ ಗೋಲ್‌ಗೆಲ್ಲ ಇದೇ ಶಿಕ್ಷೆ ಅಂತ ಇಟ್ಕೋ,” ಎಂದು ಅವನು ಗೇರ್ ಹಾಕಿದ.

ಮೂರು ಟ್ರಿಪ್ಪು. ಸುರುಳಿಗಳು ಒಣಗುವ ಮೊದಲು ಹಾಸಿ ಮುಗಿಸಬೇಕಿತ್ತು. ಇಟ್ಟಿಗೆ ಕಟ್ಟುವ ಹಾಗೆ ಒಂದರ ಸಂದಿಗೆ ಇನ್ನೊಂದರ ನಡು ಬರುವಂತೆ ಹಾಸಿ, ಸಂದಿಗಳಿಗೆ ಮರಳು ತುಂಬಿ, ಹಲಗೆ ಇಟ್ಟು ಅದರ ಮೇಲೆ ನಾನೇ ನಿಂತು ಒತ್ತುತ್ತ ಹೋದೆ. ಸುತ್ತ ಮುಳ್ಳು ಹಾಕಿದೆ. ಸೋಮವಾರ ಬೆಳಿಗ್ಗೆ ಕೋಚ್ ಬಂದು, ಮುಳ್ಳಿನಾಚೆ ನಿಂತು ನೋಡಿದ.

“ನೀರಿಗೇನ್ ಮಾಡ್ತೀಯ?” ಎಂದು ಮಾತ್ರ ಕೇಳಿದ.

ಮರುದಿನ ಕಾರ್ಖಾನೆಯ ಟ್ಯಾಂಕಿನಿಂದ ಒಂದು ಪೈಪು ಮೈದಾನಕ್ಕೆ ಬಂದಿತ್ತು. ಯಾರನ್ನು ಹಿಡಿದು ತಂದನೋ, ಅವನು ಹೇಳಲಿಲ್ಲ.

ಹದಿನೈದನೆಯ ದಿನಕ್ಕೆ ಜಪಾನ್‌ನ ಗಾಯ ಒಣಗಿತು, ಇನ್ನು ಇಳಿಯುತ್ತೇನೆ ಎಂದ. ನಾನು ಬಿಡಲಿಲ್ಲ. ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಎಳೆದಾಗ ಪಟ್ಟಿ ಮೇಲೆದ್ದರೆ ಬೇರು ಇನ್ನೂ ಕೆಳಗಿಳಿದಿಲ್ಲ ಎಂದರ್ಥ. ಎಳೆದೆ, ಅಂಚು ಎದ್ದಿತು. ಅವನಿಗೆ ತೋರಿಸಿದೆ. ದಿನಾ ಬೆಳಿಗ್ಗೆ ಅವನೇ ಬಂದು ಎಳೆದು ನೋಡತೊಡಗಿದ. ಇಪ್ಪತ್ತೆರಡನೆಯ ದಿನ ಎಳೆದಾಗ ಹುಲ್ಲಿನ ಎಸಳು ಅವನ ಕೈಯಲ್ಲಿ ಕಿತ್ತು ಬಂತು, ನೆಲ ಅಲುಗಲಿಲ್ಲ. ಅವನು ಕೈ ಮೇಲೆತ್ತಿ ಕೂಗಿದ ಕೂಗಿಗೆ ಕಾರ್ಖಾನೆಯ ವಾಚ್‌ಮನ್ ಓಡಿಬಂದ. ಆ ಬೆಳಿಗ್ಗೆ ಎಡಕ್ಕೆ ನಲವತ್ತು, ಬಲಕ್ಕೆ ನಲವತ್ತು. ಒಂದು ತೊಟ್ಟು ರಕ್ತವಿಲ್ಲ. ಒದೆದು ಒದೆದು ನನ್ನ ಕಾಲು ಸೋತಿತ್ತು, ಆದರೂ ಮನೆಗೆ ನಡೆದೇ ಹೋಗಬೇಕೆನ್ನಿಸುವಷ್ಟು ಖುಷಿಯಾಗಿತ್ತು.

ಸೀಸನ್ನಿನ ಒಂದು ಪಂದ್ಯವನ್ನೂ ಅವನು ತಪ್ಪಿಸಲಿಲ್ಲ. ನಾವು ಕಪ್ ಗೆಲ್ಲಲಿಲ್ಲ, ಅಂಥ ತಂಡವೂ ಆಗಿರಲಿಲ್ಲ. ಕೊನೆಯ ಪಂದ್ಯದಲ್ಲಿ ಡ್ರಾ ಮಾಡಿಕೊಂಡರೆ ಡಿವಿಜನ್‌ನಲ್ಲಿ ಉಳಿಯುತ್ತಿದ್ದೆವು, ಸೋತರೆ ಕೆಳಗೆ. ಗೋಲಿಲ್ಲದೆ ಆಟ ಕೊನೆಯ ನಿಮಿಷಕ್ಕೆ ಬಂತು. ಎದುರಿನವರ ಹೊಡೆತವೊಂದು ನಮ್ಮ ಡಿಫೆಂಡರನ ಕಾಲಿಗೆ ತಾಗಿ ದಿಕ್ಕು ಬದಲಿಸಿತು. ಜಪಾನ್ ಆಗಲೇ ಬಲಕ್ಕೆ ವಾಲಿದ್ದ. ನಮ್ಮೂರ ಕೀಪರ್ ಆಗಿದ್ದರೆ ನಿಂತಲ್ಲೇ ನೋಡುತ್ತಿದ್ದ. ಅವನು ವಾಲಿದ ಕಾಲನ್ನೇ ಒತ್ತಿ ಎಡಕ್ಕೆ ಚಿಮ್ಮಿದ, ಕೆಟ್ಟ ಸೊಂಟದ ಬದಿಗೆ. ಮೈ ಅರ್ಧ ಕ್ಷಣವೂ ಯೋಚಿಸಲಿಲ್ಲ. ಬೆರಳ ತುದಿ ತಾಗಿ ಚೆಂಡು ಕಂಬದ ಹೊರಗೆ ಹೋಯಿತು, ಅವನು ನೆಲದ ಮೇಲೆ ಹಾಗೇ ಬಿದ್ದಿದ್ದ.

ಗೆರೆಯಾಚೆ ಸ್ಟ್ರೆಚರ್‌ನವರು ಎದ್ದು ನಿಂತರು. ಪಕ್ಕದಲ್ಲಿದ್ದ ಕೋಚ್ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿದ್ದ. ಆಗ ಜಪಾನ್ ಮಲಗಿದ್ದಲ್ಲಿಂದಲೇ ಒಂದು ಕೈ ಎತ್ತಿ, ಕೂತುಕೊಳ್ಳಿ, ಕೂತುಕೊಳ್ಳಿ ಎಂದು ಸ್ಟ್ರೆಚರ್‌ನವರಿಗೆ ಸನ್ನೆ ಮಾಡಿದ. ಎದ್ದ. ಕಾರ್ನರ್ ಚೆಂಡನ್ನೂ ಹಿಡಿದ. ವಿಸಿಲ್ ಆದ ಮೇಲೆ ಮೈದಾನದ ಆ ತುದಿಯಿಂದ ನಮ್ಮ ಬಳಿಗೆ ಅವಸರವಿಲ್ಲದೆ ನಡೆದುಕೊಂಡು ಬಂದ. ಅಷ್ಟು ಹೆಮ್ಮೆ ನಾನು ಆಡಿದ ಯಾವ ಪಂದ್ಯದಲ್ಲೂ ಪಟ್ಟಿರಲಿಲ್ಲ.

ಅವನು ಹೊರಡುವ ದಿನ ಬೆಳಿಗ್ಗೆ ಇಂದಿರಾನಗರದ ಅಮ್ಮನನ್ನು ಮಾತಿನಂತೆ ಮೈದಾನಕ್ಕೆ ಕರೆತಂದೆ. ಅವರು ಚಪ್ಪಲಿ ಬಿಟ್ಟು ಎರಡೂ ರೆಕ್ಕೆಗಳ ಮೇಲೆ ನಡೆದು ನೋಡಿ, ಕುರ್ಚಿಯಲ್ಲಿ ಕೂತು, ಒಂದು ಕಡೆ ನೀರು ಹೆಚ್ಚಾಗಿದೆ ಎಂದು ತಪ್ಪು ಹುಡುಕಿದರು. ಜಪಾನ್ ಚೀಲದಿಂದ ತನ್ನ ಗ್ಲೌಸು ತೆಗೆದ. ಹಾಕಿಕೊಳ್ಳಲಿಲ್ಲ. ನನಗೆ ಕೊಟ್ಟು, ಗೋಲಿನತ್ತ ಬೆರಳು ತೋರಿಸಿದ.

“ಬೇಡ ಮಾರಾಯ. ನಂದು ಸೊಂಟ ಹೋಗಿದೆ,” ಎಂದೆ ಕನ್ನಡದಲ್ಲೇ.

“ಸೇಮ್ ಸೈಡ್,” ಎಂದ ಅವನು. ಚೆಂಡನ್ನು ನೆಲಕ್ಕಿಟ್ಟು ಹಿಂದೆ ಸರಿದ.

“ನಿಂತೇ ಹಿಡೀಬೇಡ ಮಗಾ, ನೋಡ್ತಿರ್ತೀನಿ,” ಎಂದು ಕೋಚ್ ದೂರದಿಂದ ಕೂಗಿದ.

ನಡುವಿನ ಗಟ್ಟಿ ನೆಲದ ಮೇಲೆ ನಿಂತೆ. ಅವನು ಎಡಕ್ಕೇ ಒದೆದ, ತಗ್ಗಾಗಿ, ಮೆಲ್ಲಗೇನೂ ಅಲ್ಲ. ಯೋಚಿಸಿದ್ದರೆ ನಿಂತುಬಿಡುತ್ತಿದ್ದೆ. ಬಿದ್ದೆ. ಚೆಂಡು, ಮೀನಖಂಡ, ತೊಡೆ, ಸೊಂಟ, ಪಕ್ಕೆ, ಭುಜ. ಕೆನ್ನೆಗೆ ಒದ್ದೆ ಹುಲ್ಲು ತಾಗಿತು. ನೋವಿಗಾಗಿ ಕಾದೆ, ಬರಲಿಲ್ಲ. ಕೋಚ್ ಓಡಿಬರುತ್ತಿದ್ದವನು ಅರ್ಧದಲ್ಲೇ ನಿಂತ.

“ರೀ, ಅಲ್ಲಿ ಹುಲ್ಲು ಕಿತ್ತು ಬಂತು ನೋಡಿ!” ಕುರ್ಚಿಯಿಂದ ಆ ಅಮ್ಮ ಕೂಗಿದರು. “ಎದ್ದೇಳೋ ಮುಂಚೆ ಅದನ್ನ ಸರಿಯಾಗಿ ಒತ್ತಿ.”

ಮಲಗಿದ್ದಲ್ಲೇ ಬಲಗೈ ಚಾಚಿ, ಕಿತ್ತ ಹುಲ್ಲನ್ನು ಅದರ ಜಾಗಕ್ಕೆ ಇಟ್ಟು ಒತ್ತಿದೆ. ಎಡಗೈ ಖಾಲಿ ಇರಲಿಲ್ಲ, ಅದರಲ್ಲಿ ಚೆಂಡಿತ್ತು.